ತೆರೆದ ಕಿಟಕಿಯ ಹಾಡು

“ಒಬ್ಬ ಮಗ ದವಾಖಾನಿಯೊಳಗ ಬರ್ಫದ ಮ್ಯಾಲ ಮಲಗ್ಯಾನ್ರಿ ಸಾಹೇಬ್ರ. ಇನ್ನೊಬ್ಬನ್ನ ಠಾಣೆದಾಗ ಕುಂದ್ರಿಸ್ಯಾರ. ಅವನನ್ನರ ನನಗ ಕೊಡಸ್ರಿ.”

ಸೋಮವಾರ ಬೆಳಿಗ್ಗೆ ವೈಜನಾಥರ ಬಾಗಿಲಲ್ಲಿ ನಿಂತು ಬಂಡೆಮ್ಮ ಹೇಳಿದ್ದು ಇಷ್ಟೇ. ಅವಳು ಅಳಲಿಲ್ಲ. ತೆಲುಗು ನಾಡಿನ ಈ ಶಹರದ ಮಾದಾಪುರದಲ್ಲಿ ಗಾಜಿನ ಆಫೀಸುಗಳು ಏಳುತ್ತಿದ್ದ ಕಾಲದಲ್ಲಿ ಆ ಕಟ್ಟಡಗಳಿಗೆ ತಲೆಯ ಮೇಲೆ ಸಿಮೆಂಟು ತುಂಬಿದ ಕಬ್ಬಿಣದ ತಸಲಾ ಹೊತ್ತು ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ನನ್ನ ಕಡೆ ಒಮ್ಮೆ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳ ಕಿರಿಯ ಮಗ ಬಸು ಒಳಗೆ ಹೋಗಿದ್ದು ನನ್ನ ಸಾಕ್ಷಿಯಿಂದಲೇ.

ಅಮೀರ್‌ಪೇಟೆಯ ಆ ಮೂರು ಮಹಡಿಯ ಕಟ್ಟಡಕ್ಕೆ ನಾನು ಕಾವಲುಗಾರ. ಕೆಳಗೆ ಕಂಪ್ಯೂಟರ್ ಕಲಿಸುವ ಸಂಸ್ಥೆ, ನಡುವಿನ ಮಹಡಿಯ ಹಿಂದಿನ ಕೋಣೆಯಲ್ಲಿ ವೈಜನಾಥರು, ಮೇಲೆ ಅಮರಯ್ಯನ ರೆಕಾರ್ಡಿಂಗ್ ಸ್ಟುಡಿಯೋ. ವೈಜನಾಥರು ಕೋರ್ಟಿನಲ್ಲಿ ದುಭಾಷಿಯಾಗಿ ಮೂವತ್ತು ವರ್ಷ ಕನ್ನಡ, ತೆಲುಗು, ಉರ್ದುಗಳ ಸುಳ್ಳುಗಳನ್ನು ಅತ್ತಿಂದಿತ್ತ ಮಾಡಿದವರು. ಅವರು ಬಿಡಿಸಿದ ಪ್ರಕರಣಗಳಿಗೆಲ್ಲ ಚಹಾ ತಂದುಕೊಟ್ಟವನು ನಾನು. ಆದರೆ ಇದು ನನ್ನ ಎದೆಯ ಮೇಲೆಯೇ ಕೂತಿತ್ತು.

“ಕೂಡ್ರು ಬೂದೆಪ್ಪಾ,” ಎಂದರು. “ಆದಿತ್ಯವಾರದ್ದು ಎಲ್ಲಾ ಹೇಳು. ಸಣ್ಣದು ದೊಡ್ಡದು ಅಂತ ಆರಿಸಬ್ಯಾಡ.”

ನಾನು ಹೇಳಿದೆ. ಬಂಡೆಮ್ಮನ ಹಿರಿಯ ಮಗ ಗುರುಶಾಂತ ‘ಕರಿಗಲ್ಲು’ ಎಂಬ ರಾಕ್ ಬ್ಯಾಂಡಿನ ಮುಖ್ಯ ಹಾಡುಗಾರ. ಬಸು ಅದರಲ್ಲಿ ಡ್ರಮ್ ಬಾರಿಸುವವನು. ಬ್ಯಾಂಡ್ ಕಟ್ಟಿ ಗಿಟಾರ್ ನುಡಿಸುವವನು ಚೇತನಕುಮಾರ. ಎಲ್ಲ ಧಾಟಿಗಳೂ ಅವನವೇ ಎಂದು ಊರೆಲ್ಲ ಹೊಗಳುತ್ತಿತ್ತು. ಗುರುಶಾಂತ ಈಗ ಒಬ್ಬನೇ ಹಾಡಿದ ಮೊದಲ ಆಲ್ಬಮ್ ಮುಂದಿನ ವಾರ ಬಿಡುಗಡೆಯಾಗಬೇಕಿತ್ತು. ಹೆಸರು ‘ಅವ್ವನ ಪದ.’ ಅದರಲ್ಲಿ ಡ್ರಮ್ ಇಲ್ಲ, ಬರೀ ತಸಲಾದ ಬಡಿತ. ಆ ಸಿಟ್ಟಿಗೆ ಭಾನುವಾರ ಬೆಳಿಗ್ಗೆ ಬಸು ಗಲ್ಲಿಯಲ್ಲೇ ಜಗಳ ತೆಗೆದು, “ನಿನ್ನ ದನಿ ಅಡಗಿ ಹೋಗ್ಲಿ!” ಎಂದು ಕೂಗಿ ಹೋಗಿದ್ದ.

“ಒಂದಕ್ಕ ಅಮರಯ್ಯ ಪಟಾನ್‌ಚೆರುವಿಗೆ, ಅಕ್ಕನ ಮನಿಗೆ ಹೋದ. ಎರಡಕ್ಕ ಗುರುಶಾಂತ, ಚೇತನಕುಮಾರ ಇಬ್ಬರೂ ಮ್ಯಾಲ ಹೋದ್ರು. ಮೂರೂವರಿಗೆ ಚೇತನಕುಮಾರ ಒಬ್ಬನ ಇಳದು ಬಂದ. ‘ಮುತ್ಯಾ, ಚಾ ಕುಡಿಯೋಣ ಬಾ’ ಅಂದ. ಎಂದೂ ಕರದವನಲ್ಲ. ಗೇಟಿನ ಬಾಜೂ ಡಬ್ಬಿ ಅಂಗಡಿ ಮುಂದ ನಿಂತಿದ್ವಿ. ಪಾವಕಮ್ಮಿ ನಾಕಕ್ಕ ಮ್ಯಾಲಿಂದ ಹಾಡು ಬಂತು. ‘ಕೇಳು ಮುತ್ಯಾ, ನಮ್ಮ ಗುರು ಹಾಡಾಕತ್ತಾನ’ ಅಂದ.”

“ಚಾ ಹೆಂಗ ಕುಡದ?”

“ಅಂದ್ರ?”

“ಲೋಟಾ ಹೆಂಗ ಹಿಡದಿದ್ದ?”

ಕಣ್ಣು ಮುಚ್ಚಿ ನೆನೆದೆ. “ಕರವಸ್ತ್ರ ಸುತ್ತಿ ಹಿಡದಿದ್ದ.”

ನಾಲ್ಕಕ್ಕೆ ಬಸು ಬಂದು ಮೇಲೆ ಹೋಗಿದ್ದ. ಹತ್ತು ನಿಮಿಷಕ್ಕೆ ಓಡಿಬಂದು, “ಅಣ್ಣ ಏಳವಲ್ಲ!” ಎಂದಿದ್ದ. ಇನ್ನೂ ನನ್ನ ಜೊತೆ ಕೆಳಗೇ ಇದ್ದ ಚೇತನಕುಮಾರನೂ ಸೇರಿ ಮೂವರೂ ಹತ್ತಿ ಹೋದೆವು. ಹಾಡುವ ಕೋಣೆಯಲ್ಲಿ ಗುರುಶಾಂತ ಬಿದ್ದಿದ್ದ. ಕುತ್ತಿಗೆಗೆ ಮೈಕಿನ ವಾಯರು. ನಾನೂ ಬಸುವೂ ಬಾಗಿ ಅದನ್ನು ಬಿಡಿಸುತ್ತಿದ್ದರೆ ಚೇತನಕುಮಾರ ಮೇಜಿನ ಹತ್ತಿರ ಹೋಗಿ ಕಂಪ್ಯೂಟರ್ ಆರಿಸಿದ. “ಇದರ ಸದ್ದು ತಲಿ ತಿನ್ನಾಕತ್ತೈತಿ” ಎಂದ. ಆಗ ಅದು ನನಗೆ ಸಂಕಟದ ಮಾತಾಗಿಯೇ ಕೇಳಿತ್ತು.

ಇನ್ಸ್‌ಪೆಕ್ಟರ್ ಮಲ್ಲಣ್ಣನ ಲೆಕ್ಕ ಸರಳವಾಗಿತ್ತು. ಪಾವಕಮ್ಮಿ ನಾಲ್ಕಕ್ಕೆ, ಅಂದರೆ ಮೂರೂ ಮುಕ್ಕಾಲಿಗೆ, ಗುರುಶಾಂತ ಹಾಡಿದ್ದನ್ನು ಕಾವಲುಗಾರನೇ ಕೇಳಿದ್ದಾನೆ. ಆಮೇಲೆ ಮೆಟ್ಟಿಲು ಹತ್ತಿದವನು ಬಸು ಒಬ್ಬನೇ.

“ನೀ ಈ ಗೇಟಿನ್ಯಾಗ ಎಷ್ಟ ವರ್ಷ?” ವೈಜನಾಥರು ಕೇಳಿದರು.

“ಹದಿನೆಂಟು.”

“ಸ್ಟುಡಿಯೋ ಬಂದು?”

“ನಾಕು.”

“ಈ ನಾಕು ವರ್ಷದಾಗ ಗೇಟಿಗೆ ಹಾಡು ಕೇಳಿದ್ದು ಎಷ್ಟ ಸಲ?”

ಒಮ್ಮೆಯೂ ಇಲ್ಲ. ಹಾಡುವಾಗ ಗಲ್ಲಿಯ ಆಟೋ ಸದ್ದು ಒಳಗೆ ಬರಬಾರದೆಂದು ದಪ್ಪ ಗಾದಿ ಹೊಲಿಸಿದ ಕಿಟಕಿಗಳನ್ನು ಅಮರಯ್ಯ ಬಿಗಿಯಾಗಿ ಮುಚ್ಚುತ್ತಿದ್ದ.

“ಈಗ ನೀ ಕೇಳಿದ್ದನ್ನ ಅಕ್ಷರ ಬಿಡದ ಹಾಡಿ ತೋರ್ಸು.”

ಎರಡನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಓದಿದ್ದು ಉಳಿಯಲಿಲ್ಲ, ಕಿವಿಗೆ ಬಿದ್ದದ್ದು ಹೋಗಲಿಲ್ಲ. ಕೇಳಿದಂತೆಯೇ ಹಾಡಿದೆ: “ನೇಲ ನಮ್ಮದಲ್ಲವ್ವ, ನೆರಳೂ ನಮ್ಮದಲ್ಲ...”

“ನೇಲ?”

“ಹೌದ್ರಿ ಸಾಹೇಬ್ರ. ಬೆಳಿಗ್ಗೆನ ತಿದ್ದಿದ್ದೆ. ಮತ್ತ ತಪ್ಪು ಹಾಡಿದ್ನಲ್ಲ ಅಂತ ಬ್ಯಾಸರಾತು.”

ವೈಜನಾಥರು ಚಹಾ ಲೋಟ ಕೆಳಗಿಟ್ಟರು. ಅರ್ಧ ಕುಡಿದ ಚಹಾ ಅವರು ಬಿಟ್ಟದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ. “ಅಮರಯ್ಯನ್ನ ಕರಿ,” ಎಂದರು.

ಮಂಗಳವಾರ ಹತ್ತು ಗಂಟೆಗೆ ನಾವೆಲ್ಲ ಸ್ಟುಡಿಯೋದಲ್ಲಿ ಸೇರಿದೆವು. ಮಲ್ಲಣ್ಣ ಬಸುವನ್ನು ಕರೆತಂದಿದ್ದ. ಅವನ ಕೆನ್ನೆ ಊದಿತ್ತು. ಬಂಡೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಚೇತನಕುಮಾರ ಬಿಳಿ ಅಂಗಿ ತೊಟ್ಟು, ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದ.

“ಸಾಬ್, ಜಲ್ದಿ ಮುಗಸ್ರಿ,” ಎಂದ ಮಲ್ಲಣ್ಣ. ಜಹೀರಾಬಾದಿನವನು, ಕನ್ನಡ ಅಷ್ಟಿಷ್ಟು ಬರುತ್ತಿತ್ತು.

ಅಮರಯ್ಯ ಒಂದೇ ಸಾಲಿನ ಎರಡು ರೆಕಾರ್ಡುಗಳನ್ನು ಒಂದರ ಹಿಂದೆ ಒಂದು ಕೇಳಿಸಿದ. ಸತ್ತವನ ದನಿ ಆ ಕೋಣೆ ತುಂಬಿತು. ಬಸು ಕಿವಿ ಮುಚ್ಚಿಕೊಂಡ.

“ಎರಡಕ್ಕೂ ಏನ್ ಫರಕ್ ಐತಿ, ಚೇತನಕುಮಾರ?” ವೈಜನಾಥರು ಕೇಳಿದರು.

“ಏನಿಲ್ರಿ. ಎರಡೂ ಒಂದ ಅದಾವಲ್ಲ.”

“ಮಲ್ಲಣ್ಣಾ?”

“ನಂಗೂ ಸೇಮ್ ಅನ್ನಸ್ತದ.”

ಗೋಡೆಯ ಕಡೆಯಿಂದ ಬಂಡೆಮ್ಮನ ದನಿ ಬಂತು: “ಮೊದಲನೇದು ತಪ್ಪೈತಿ. ‘ನೇಲ’ ಅಂದಾನ. ನಮ್ಮ ಪದದಾಗ ‘ನೆಲ.’”

“ಕೇಳಿದ್ರಲ್ಲ,” ವೈಜನಾಥರು ಕುರ್ಚಿ ಮುಂದೆ ಎಳೆದರು. “ತೆಲುಗಿನ್ಯಾಗ ನೆಲಕ್ಕ ‘ನೇಲ’ ಅಂತಾರ, ‘ನೆಲ’ ಅಂದ್ರ ತಿಂಗಳು. ಇಲ್ಲೇ ಬೆಳೆದ ನಮ್ಮ ಹುಡುಗರ ನಾಲಿಗಿ ಅಲ್ಲೇ ಜಾರತೈತಿ. ಗುರುಶಾಂತನೂ ಜಾರಿದ್ದ. ಆದಿತ್ಯವಾರ ಬೆಳಿಗ್ಗೆ ಬೂದೆಪ್ಪ ಅವನ್ನ ಮೆಟ್ಟಲ ಮ್ಯಾಲ ನಿಲ್ಲಿಸಿ ತಿದ್ದಿದ. ಅವ ಏನಂದ, ಬೂದೆಪ್ಪಾ?”

“‘ತಿಂಗಳು ನಮ್ಮದಲ್ಲ ಅಂದಂಗ ಆಗೂದಿಲ್ಲೇನ ಮುತ್ಯಾ?’ ಅಂತ ನಕ್ಕ. ಆಮ್ಯಾಲ ಮೆಟ್ಟಲಕ್ಕೊಮ್ಮೆ ‘ನೆಲ, ನೆಲ’ ಅಂತ ಹತ್ತಿ ಹೋದ.”

“ಮಧ್ಯಾಹ್ನ ಹನ್ನೆರಡಕ್ಕ ಅಮರಯ್ಯ ಆ ತಿದ್ದಿದ್ದನ್ನ ರೆಕಾರ್ಡ್ ಮಾಡಿಕೊಂಡ. ನೀವು ಕೇಳಿದ ಎರಡನೇದು ಅದು. ಅಲ್ಲಿಗೆ ಹಾಡೋದು ಮುಗೀತು. ಮೂರು ತಾಸಿನ ಮ್ಯಾಲ ಅದ ಹುಡುಗ ಮತ್ತ ತಪ್ಪು ಹಾಡಿದ. ಅದೂ ಕಿಟಕಿ ತೆಗದು, ಗಲ್ಲಿಗೆಲ್ಲ ಕೇಳೂಹಂಗ! ಬೂದೆಪ್ಪ ಕೇಳಿದ್ದು ಮನಷ್ಯಾನ ಹಾಡಲ್ಲ ಮಲ್ಲಣ್ಣಾ, ಹಿಂದಿನ ವಾರದ ರೆಕಾರ್ಡು.”

“ಬಸು ಹಚ್ಚಿರಬಹುದಲ್ಲ, ಸಾಬ್?”

“ಹಾಡು ಕೇಳಿದಾಗ ಬಸು ಇನ್ನೂ ಬಂದಿರಲಿಲ್ಲ. ಅಮರಯ್ಯಾ, ಹೇಳಪ್ಪಾ.”

ಅಮರಯ್ಯ ತಡವರಿಸುತ್ತ ಹೇಳಿದ. ಈ ಯಂತ್ರ ಹತ್ತು ನಿಮಿಷಕ್ಕೊಮ್ಮೆ, ಯಾರೂ ಹೇಳದಿದ್ದರೂ ಕೆಲಸದ ನಕಲು ಇಟ್ಟುಕೊಳ್ಳುತ್ತದೆ. ಭಾನುವಾರ ಮೂರು ಹತ್ತರ ನಕಲಿನಲ್ಲಿ ಹಳೆಯ ಹಾಡಿತ್ತು. ಹಾಡು ಶುರುವಾಗುವ ಮೊದಲು ಮೂವತ್ತೈದು ನಿಮಿಷದ ಮೌನ ಸೇರಿಸಿತ್ತು. ಮೂರು ಹತ್ತಕ್ಕೆ ಹಚ್ಚಿಟ್ಟರೆ ಹಾಡು ಕೇಳುವುದು ಪಾವಕಮ್ಮಿ ನಾಲ್ಕಕ್ಕೇ.

“ಮೂರು ಹತ್ತಕ್ಕ ಮ್ಯಾಲಿದ್ದವರು ಇಬ್ಬರ,” ವೈಜನಾಥರ ದನಿ ಏರಲಿಲ್ಲ. “ಒಬ್ಬನ ಉಸಿರು ಆಗಲೇ ನಿಂತಿತ್ತು. ಇನ್ನೊಬ್ಬ ಸ್ಪೀಕರ್ ಕಿಟಕಿಗೆ ತಿರುಗಿಸಿ, ಕೆಳಗ ಬಂದು, ನಂಬಿಗಸ್ತ ಮುದುಕನ್ನ ಸಾಕ್ಷಿಗೆ ನಿಲ್ಲಿಸಿಕೊಂಡು ಚಾ ಕುಡದ. ಹೆಣ ನೋಡಿದ ಮ್ಯಾಲೂ ಅವ ಮೊದಲು ಹೋಗಿದ್ದು ಕಂಪ್ಯೂಟರ್ ಕಡೆ. ಕೈ ಹೊರಗ ತಗಿ, ಚೇತನಕುಮಾರ.”

ಅವನು ತೆಗೆಯಲಿಲ್ಲ. ಮಲ್ಲಣ್ಣ ಹೋಗಿ ಮಣಿಕಟ್ಟು ಹಿಡಿದೆಳೆದ. ಎರಡೂ ಅಂಗೈಗೆ ಅಡ್ಡಲಾಗಿ ವಾಯರು ಕೊರೆದ ಕೆಂಪು ಗೆರೆ. ಬಿಸಿ ಲೋಟಕ್ಕೆ ಕರವಸ್ತ್ರ ಬೇಕಾದದ್ದು ಏಕೆಂದು ನನಗೆ ಆಗ ತಿಳಿಯಿತು.

“ಯಾಕ?” ಎಂದು ಕೇಳಿದವನು ಬಸು.

ಮೇಜಿನ ಮೇಲಿದ್ದ ಆಲ್ಬಮ್ಮಿನ ಹೊದಿಕೆಯನ್ನು ವೈಜನಾಥರು ತಿರುಗಿಸಿ ತೋರಿಸಿದರು. ಹಿಂದೆ ಒಂದೇ ಸಾಲು: ಪದ, ಧಾಟಿ, ಬಂಡೆಮ್ಮ.

“ಬ್ಯಾಂಡಿನ ಧಾಟಿ ಎಲ್ಲಾ ಈಕಿವು. ಹತ್ತು ವರ್ಷ ಅವು ಚೇತನಕುಮಾರನ ಹೆಸರಿನ್ಯಾಗ ನಡದಾವು. ಅವ ಧಾಟಿ ಈಕಿ ಹೆಸರಿಲೆ ಹೊರಗ ಬಂದಿದ್ರ ಊರೆಲ್ಲಾ ತಿಳೀತಿತ್ತು.”

ಚೇತನಕುಮಾರ ಆಗ ಬಾಯಿಬಿಟ್ಟ. “ಹೆಸರು ತಗಿ ಅಂತ ಕೈ ಮುಗದೆ. ‘ಅವ್ವನ ಹೆಸರು ಹೆಂಗ ತಗೀಲಿ?’ ಅಂದ. ನಕ್ಕ. ಆ ನಗೂನ...” ಮಲ್ಲಣ್ಣ ಅವನನ್ನು ಇಳಿಸಿಕೊಂಡು ಹೋದ. ಬಂಡೆಮ್ಮ ಆ ಕಡೆ ನೋಡಲೂ ಇಲ್ಲ.

ಬಸು ಬಾಗಿಲ ಹತ್ತಿರವೇ ನಿಂತಿದ್ದ, ಅವ್ವನ ಕಡೆ ಹೆಜ್ಜೆ ಬರಲಿಲ್ಲ. “ನಾನ ಅಂದಿದ್ದೆ ಯವ್ವಾ. ದನಿ ಅಡಗ್ಲಿ ಅಂತ ನಾನ ಅಂದಿದ್ದೆ.”

“ಬಾ ಇಲ್ಲಿ,” ಎಂದಳು. ಅವನು ಬಂದು ಅವಳ ಕಾಲ ಬಳಿ ಕುಸಿದ. ಊದಿದ ಕೆನ್ನೆಯ ಮೇಲೆ ಅವಳು ಸಿಮೆಂಟು ತಿಂದ ಕೈ ಇಟ್ಟಳು. “ನಿನ್ನ ಮಾತಿಗೆ ಅದೇನೂ ಅಡಗಿಲ್ಲ. ಕೇಳು. ಅಮರಯ್ಯಾ, ಸರಿ ಇರೂದು ಹಚ್ಚಪ್ಪಾ.”

ಅಮರಯ್ಯ ರೂಢಿಯಂತೆ ಕಿಟಕಿ ಮುಚ್ಚಲು ಎದ್ದ.

“ಮುಚ್ಚಬ್ಯಾಡ,” ಎಂದಳು ಬಂಡೆಮ್ಮ. “ಇರಲಿ ಅದು.”

ನಾನು ಅಲ್ಲಿ ನಿಲ್ಲಲಾರದೆ ಮೆಟ್ಟಿಲಿಳಿದು ಗೇಟಿಗೆ ಬಂದೆ. ಸಂಸ್ಥೆಯ ಹುಡುಗ ಹುಡುಗಿಯರು ಪುಸ್ತಕ ಎದೆಗವಚಿಕೊಂಡು ಒಳಗೆ ನುಗ್ಗುತ್ತಿದ್ದರು. ಮೇಲಿಂದ ಹಾಡು ಬಂತು. ಇಬ್ಬರು ಮೂವರು ನಿಂತು ತಲೆಯೆತ್ತಿದರು. ಆಟೋ ಸದ್ದಿನ ನಡುವೆಯೂ ನಾನು ಆ ಒಂದು ಅಕ್ಷರಕ್ಕಾಗಿ ಕಿವಿಗೊಟ್ಟು ಕಾದೆ.

“ನೆಲ” ಎಂದ ಗುರುಶಾಂತ. ಸರಿಯಾಗಿ ಅಂದ.