ಗಡಿಕಲ್ಲಿನ ಕೆಳಗೆ ಎರಡು ಬೂದಿ

ಮಾರ್ಚ್ 14ರ ಬೆಳಿಗ್ಗೆ ಆರ್ಕ್ನಿ ದ್ವೀಪದ ಠಾಣೆಗೆ ಮೆರನ್ ರೆಂಡಲ್ ದೂರು ತಂದಳು. ಅವಳ ಪಾಲಿನ ಗಡಿಕಲ್ಲನ್ನು ಯಾರೋ ಕಿತ್ತು ದಡದ ಮೇಲಕ್ಕೆ ನೆಟ್ಟಿದ್ದರು. ಕಡಲತೀರ ಪೂರ್ತಿ ಗಡಿಯಾಚೆ ಹೋಗಿತ್ತು. ಆ ತೀರದ ಕಡಲಪಾಚಿ ಒಣಗಿಸಿ ಮಾರಿದರಷ್ಟೇ ಅವಳಿಗೆ ಊಟ.

ಅದು ದ್ವೀಪದ ಹಳೆಯ ಕಟ್ಟಳೆಯ ಉಡಾಲ್ ನೆಲ. ರಾಜನಿಗೆ ಕಪ್ಪವಿಲ್ಲ, ಜಹಗೀರುದಾರನ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ. ನೀರು ಇಳಿದು ನಿಲ್ಲುವ ಕೊನೆಯ ಅಂಚಿನವರೆಗೂ ಅವಳೇ ಒಡತಿ. ಆದರೆ ಪತ್ರವಿಲ್ಲ. ಇರುವ ಸಾಕ್ಷಿ ಆ ಕಲ್ಲೊಂದೇ.

"ಯಾರ ಮೇಲೆ ಅನುಮಾನ?" ಸಾರ್ಜೆಂಟ್ ಫ್ಲೆಟ್ ಕೇಳಿದ.

"ಇನ್ಯಾರು ಸಾರ್, ಪಕ್ಕದ ಜಮೀನು ತಗೊಂಡ ಆ ಇಂಗ್ಲೆಂಡಿನ ಪೆಂಬರ್ಟನ್."

ಮಧ್ಯಾಹ್ನ ಸ್ಥಳ ಮಹಜರು. ಮೆರನ್ ಧೈರ್ಯಕ್ಕೆಂದು ತಮ್ಮ ಸಿಗರ್ಡ್‌ನನ್ನು ಕರೆತಂದಿದ್ದಳು. ಕಾನ್‌ಸ್ಟೆಬಲ್ ಸ್ಕಾಲಿ ಹೊಸ ಜಾಗದಲ್ಲಿದ್ದ ಕಲ್ಲನ್ನು ಎಬ್ಬಿಸಿದ. ಕೆಳಗೆ ಬೂದಿ. ಗಡಿಕಲ್ಲು ನೆಡುವಾಗ ಒಡೆಯರ ಒಲೆಯ ಬೂದಿ ಸುರಿಯುವುದು ದ್ವೀಪದ ರೂಢಿ. ಕಲ್ಲು ಕದಲಿದರೂ ಬೂದಿ ಜಾಗ ಹೇಳುತ್ತದೆ.

"ಬೂದಿ ಇದೆಯಲ್ಲ ಸಾರ್. ಕಲ್ಲು ಸರಿಯಾಗೇ ಇದೆ," ಎಂದ ಸ್ಕಾಲಿ.

"ಅದರ ಕೆಳಗೆ ನೋಡಪ್ಪ," ಎಂದ ಫ್ಲೆಟ್.

ಬೂದಿಯಡಿಯ ಹುಲ್ಲು ಇನ್ನೂ ಹಸಿರಾಗಿತ್ತು. ಮೆರನ್ ತೋರಿಸಿದ ಹಳೆಯ ಜಾಗ ಅಗೆದರೆ ಅಲ್ಲೂ ಬೂದಿ, ಮಣ್ಣಿನೊಂದಿಗೆ ಗಟ್ಟಿಯಾಗಿ ಕಪ್ಪಗಾದದ್ದು. ಮಹಜರಿನಲ್ಲಿ ಎರಡೂ ದಾಖಲಾದವು.

ಅಲ್ಲಿಗೆ ಕರೆಸಿದ ಪೆಂಬರ್ಟನ್ ಸುತ್ತಿಬಳಸದೆ ಹೇಳಿದ. "ತೀರಕ್ಕೆ ದುಡ್ಡು ಕೊಟ್ಟಿದ್ದೀನಿ. ಸಿಗರ್ಡ್ ಈ ಕಲ್ಲು ತೋರಿಸಿ, ಆಚೆಯ ತೀರ ತನ್ನದು ಅಂತ ಮಾರಿದ. ಬೂದಿನಾ? ಯಾವ ಬೂದಿ?"

ಫ್ಲೆಟ್ ಸಿಗರ್ಡ್ ಕಡೆ ತಿರುಗಿದ. "ಬೂದಿ ಯಾಕೋ ಹಾಕ್ದೆ? ಅವನಿಗೆ ಈ ರೂಢಿ ಗೊತ್ತೇ ಇರ್ಲಿಲ್ಲವಲ್ಲ."

"ಬರೀ ಮಣ್ಣಲ್ಲಿ ಗಡಿಕಲ್ಲು ನೆಡೋಕೆ ಕೈ ಬರ್ಲಿಲ್ಲ ಸಾರ್."

"ಎಲ್ಲಿಂದ ತಂದೆ?"

ಉತ್ತರ ಮೆರನ್‌ಗೆ ಹೊಳೆಯಿತು. "ನನ್ನ ಒಲೆಯಿಂದ! 'ಅಕ್ಕ, ನಿಂಗೆ ಸೊಂಟನೋವು, ಬೂದಿ ನಾನೇ ಚೆಲ್ತೀನಿ' ಅಂದ್ಯಲ್ಲೋ! ಹೊಟ್ಟೆ ತುಂಬ ಮೀನು ಬಡಿಸಿ ಕಳಿಸಿದ್ನಲ್ಲೋ ನಿನ್ನ!"

"ಅಪ್ಪ ನಂಗೆ ದೊಡ್ಡ ಪಾಲು ಕೊಟ್ಟ, ಬರೀ ಕಲ್ಲುನೆಲ. ಸಮುದ್ರದ ಕಡೆ ನಿನ್ನ ಪಾಲಿಗೆ ಬಂತು. ಚಳಿಗಾಲ ಪೂರ್ತಿ ಸೊಂಟಮಟ್ಟದ ನೀರಲ್ಲಿ ನಿನ್ನ ಪಾಚಿ ಎಳೆದೆ ಅಕ್ಕ. ಒಂದ್ಸಲನಾದ್ರೂ 'ನಮ್ಮ ತೀರ' ಅಂದ್ಯಾ?"

ಸಂಜೆ ಸಿಗರ್ಡ್‌ನನ್ನು ವಂಚನೆಯ ಆರೋಪದಲ್ಲಿ ಬಂಧಿಸಲಾಯಿತು. ಕಾರಣವೆಂದು ಫ್ಲೆಟ್ ವರದಿಯಲ್ಲಿ 'ನಮ್ಮ ತೀರ'ದ ಬಗ್ಗೆ ಅವನಾಡಿದ ಆ ಮಾತನ್ನೇ ಬರೆದ.

ಮರುದಿನ ಕಲ್ಲು ಹಳೆಯ ಜಾಗಕ್ಕೆ ಬಂತು. ನೀರು ಇಳಿದಾಗ ಮೆರನ್ ಪಾಚಿ ತುಂಬಿದ ಬಲೆಗೆ ಹಗ್ಗ ಕಟ್ಟಿ ಎಳೆದಳು. ಅದು ಇಬ್ಬರ ಕೆಲಸ, ಬಲೆ ಅಲುಗಲಿಲ್ಲ. ಕೊನೆಯ ಅಂಚಿನವರೆಗೂ ಅವಳದೇ ತೀರ. ನೀರು ಮತ್ತೆ ಏರುವವರೆಗೂ ಅವಳು ಅಲ್ಲೇ ಹಗ್ಗ ಹಿಡಿದು ನಿಂತಿದ್ದಳು.