ವಾರಕ್ಕೆ ಹೋದ ಮಿಕ್ಸಿ

"ಬಿಡಲ್ಲ ಅಂದ್ರೆ ಬಿಡಲ್ಲ! ಎಳ್ಕಂಡ್ ಓಗೋದಾದ್ರೆ ನನ್ನೂ ಜೊತೇಲೇ ಎಳ್ಕಂಡ್ ಓಗಿ!"

ಮೇಘಶ್ರೀ ಮಿಕ್ಸಿಯ ಕುತ್ತಿಗೆಯನ್ನು ಎರಡೂ ಕೈಗಳಿಂದ ಅಪ್ಪಿ ಹಿಡಿದು ಅಂಗಳದಲ್ಲೇ ಕೂತುಬಿಟ್ಟಿದ್ದಳು. ಅವಳ ಅಳುವಿಗೆ ಅಟ್ಟದ ಮೇಲಿನ ಪಾತ್ರೆಗಳೆಲ್ಲ ಗಡಗಡ ಅಂದವು. ಹಿತ್ತಲಿನ ಕೋಳಿಗಳು ಇಡಬೇಕಾಗಿದ್ದ ಮೊಟ್ಟೆಯನ್ನು ನಾಳೆಗೆ ಮುಂದೂಡಿದವು.

ಮಿಕ್ಸಿ ಅಂದರೆ ಚಟ್ನಿ ರುಬ್ಬುವ ಮಿಕ್ಸಿ ಅಲ್ಲ. ಅದೊಂದು ಕಪ್ಪು ಮೈಯ, ಬಿಳಿ ಕಿವಿಯ ಹೆಣ್ಣಾಡು. ಸಿಕ್ಕಿದ್ದನ್ನೆಲ್ಲ ರುಬ್ಬಿ ನುಂಗುತ್ತಿದ್ದರಿಂದ ಆ ಹೆಸರು. ಹುಲ್ಲು, ಸೊಪ್ಪನ್ನು ಯಾವ ಆಡು ಬೇಕಾದರೂ ತಿನ್ನುತ್ತದೆ, ಬಿಡಿ. ಮಿಕ್ಸಿ ಮಾತ್ರ ಮೇಘಶ್ರೀಯ ಮಗ್ಗಿ ಪುಸ್ತಕವನ್ನೇ ಪೂರ್ತಿ ತಿಂದು, ತೇಗಿ, ಹದಿಮೂರರ ಮಗ್ಗಿಯನ್ನು ಒಂದು ತಪ್ಪಿಲ್ಲದೆ ಹೇಳಿತ್ತು. ನಂಬಿಕೆ ಇಲ್ಲದಿದ್ದರೆ ಹಳೇಕೋಟೆ ಕಡೆ ಬಂದಾಗ ಯಾರನ್ನಾದರೂ ಕೇಳಿ. ಹದಿನೇಳರ ಮಗ್ಗಿಯಲ್ಲಿ ಸ್ವಲ್ಪ ತಡವರಿಸಿತು, ಅಷ್ಟೆ. ಅದು ಯಾರಿಗೆ ತಾನೇ ಸರಿಯಾಗಿ ಬರುತ್ತದೆ?

ಮಿಕ್ಸಿ ಹುಟ್ಟಿ ಬೆಳೆದ ಮನೆಯೂ ಅಂಥದ್ದೇ. ಮೇಘಶ್ರೀಯ ಅಜ್ಜಿ ಸುಬ್ಬಮ್ಮ ಈ ಜನ್ಮದಲ್ಲಿ ಏನನ್ನೂ ಎಸೆದವಳಲ್ಲ. ಅವಳ ಸೀರೆ ಹಳೆಯದಾದರೆ ಟವಲ್ಲು, ಟವಲ್ಲು ಹರಿದರೆ ಒರೆಸುವ ಬಟ್ಟೆ, ಅದೂ ಹರಿದರೆ ದೀಪದ ಬತ್ತಿ. ಆಲೂಗಡ್ಡೆಯ ಸಿಪ್ಪೆ ಮಿಕ್ಸಿಗೆ. ಮಿಕ್ಸಿ ಬಿಟ್ಟದ್ದು ಕೋಳಿಗೆ. ಕೋಳಿ ಬಿಟ್ಟದ್ದು ಇರುವೆಗೆ. ಇರುವೆಯೂ ಬೇಡ ಅಂದದ್ದು ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ, ಹೊಲದಿಂದ ಆಲೂಗಡ್ಡೆಯಾಗಿ ಮತ್ತೆ ಅಡುಗೆಮನೆಗೆ. ಒಂದೇ ಆಲೂಗಡ್ಡೆ ಆ ಮನೆಯಲ್ಲಿ ನೂರು ವರ್ಷದಿಂದ ಸುತ್ತು ಹೊಡೆಯುತ್ತಿದೆ ಎಂದು ಊರಿನಲ್ಲಿ ಮಾತು.

ಅಂಥ ಅಜ್ಜಿಯೇ ಇವತ್ತು ಮಿಕ್ಸಿಯ ಹಗ್ಗವನ್ನು ಮುದ್ದಮ್ಮನ ಕೈಗೆ ಕೊಟ್ಟಿದ್ದಳು! ಮುದ್ದಮ್ಮನ ಮನೆ ಊರಿನ ಆ ತುದಿಯಲ್ಲಿ, ನಾಲೆಯ ಪಕ್ಕ. ಅವಳ ಮೊಮ್ಮಗಳು ಶೋಭಿತಾ ಮೇಘಶ್ರೀಯ ಜೊತೆಯಲ್ಲೇ ಐದನೇ ಕ್ಲಾಸು. ಈಗ ಶೋಭಿತಾ ಮಿಕ್ಸಿಯನ್ನು ಹಿಂದಿನಿಂದ ತಳ್ಳುವುದೋ ಬೇಡವೋ ಎಂದು ತಿಳಿಯದೆ ಸುಮ್ಮನೆ ನಿಂತಿದ್ದಳು.

ಅಜ್ಜಿಯನ್ನೂ ಅನ್ನುವಂತಿಲ್ಲ. ಮೇಘಶ್ರೀಯ ಅಪ್ಪ ಲಾರಿ ಡ್ರೈವರ್, ಮನೆಗೆ ಬರುವುದು ನೆಂಟರ ಹಾಗೆ. ಅಮ್ಮ ಶಾಂತಿ ಹೊಸದಾಗಿ ಹಾಸನದ ಗಾರ್ಮೆಂಟ್ಸಿಗೆ ಸೇರಿದ್ದಳು. ಸೂರ್ಯ ಹಲ್ಲುಜ್ಜುವ ಮೊದಲೇ ವ್ಯಾನು ಬಂದು ಅವಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಅಜ್ಜಿಯ ಮಂಡಿ ಕೂತರೆ ಏಳಲು ಒಪ್ಪದು, ಎದ್ದರೆ ಕೂರಲು ಒಪ್ಪದು. ಮೇಯಿಸುವವರಿಲ್ಲದೆ ಮಿಕ್ಸಿ ದಿನವೆಲ್ಲ ಗೂಟದಲ್ಲೇ ನಿಂತು ಅರಚುತ್ತಿತ್ತು.

"ಬುಡು ಮಗ," ಅಂದಳು ಅಜ್ಜಿ. "ಆಡ್ನೇನು ಮಾರ್ತಾ ಇದ್ದೀನಾ? ವಾರಕ್ಕೆ ಕೊಡ್ತಾ ಇವ್ನಿ ಕಣ್ ಮಗ."

ಅಳು ಟಕ್ಕನೆ ನಿಂತಿತು. ಕೆನ್ನೆಯ ಮೇಲೆ ಅರ್ಧ ದಾರಿಗೆ ಬಂದಿದ್ದ ಕಣ್ಣೀರು ಯೂ-ಟರ್ನ್ ಹೊಡೆದು ವಾಪಸ್ ಕಣ್ಣಿಗೇ ಹೋಯಿತು.

"ವಾರಕ್ಕಾ?"

"ಊಂ ಕಣ್ ಮಗ, ವಾರಕ್ಕೇ."

"ಪ್ರಾಮಿಸ್?"

"ಯಾವ ಪ್ರಾಮೀಸೂ ಬ್ಯಾಡ. ಬೇಕಾದ್ರೆ ಮುದ್ದಮ್ಮುನ್ನೇ ಕೇಳು."

"ವಾರಕ್ಕೇ ಕಣವ್ವ," ಎಂದು ಮುದ್ದಮ್ಮನೂ ನಕ್ಕಳು.

ಮೇಘಶ್ರೀ ಎದ್ದು ಲಂಗದ ಧೂಳು ಕೊಡವಿಕೊಂಡಳು. "ಮೊದ್ಲೇ ಹೇಳೋಕೆ ಏನಾಗಿತ್ತು? ಸುಮ್ನೆ ಅಷ್ಟೊಂದು ಅತ್ತೆ. ತಗಂಡೋಗಿ, ತಗಂಡೋಗಿ!"

ಅಷ್ಟು ಸಲೀಸಾಗಿ ಅವಳು ಬಿಟ್ಟುಕೊಟ್ಟದ್ದನ್ನು ನೋಡಿ ಅಜ್ಜಿ ಬೆರಗಾದಳು. "ಬುದ್ದಿ ಬಂದದೆ ಕಣ್ ಮುದ್ದಮ್ಮ ನನ್ ಮೊಮ್ಮಗಳಿಗೆ," ಎಂದು ಹೆಮ್ಮೆಯಿಂದ ಹೇಳಿದಳು.

ಆಮೇಲೆ ಸ್ಕೂಲಿನಲ್ಲಿ ಮೇಘಶ್ರೀಯ ದೊಡ್ಡಸ್ತಿಕೆ ನೋಡಬೇಕಿತ್ತು! ಯಾವ ರಾಜಾಧಿರಾಜನೂ ಆನೆ ದಾನ ಮಾಡಿ ಅಷ್ಟು ಬೀಗಿರಲಾರ.

"ಶೋಭಿ, ಇಬ್ಬನಿ ಬಿದ್ದಿರೋ ಸೊಪ್ಪು ಹಾಕ್ಬೇಡ. ಹೊಟ್ಟೆ ಉಬ್ಬರ ಬರುತ್ತೆ."

"ಆಯ್ತು ಕಣೇ."

"ನೀರು ಬಕೆಟ್‌ನಲ್ಲಿ ಇಟ್ರೆ ಕುಡಿಯಲ್ಲ. ಅಲ್ಯೂಮಿನಿಯಂ ಬೋಸಿನೇ ಆಗ್ಬೇಕು."

"ಆಯ್ತು ಕಣೇ. ನಿನ್ನೆ ಏನಾಯ್ತು ಗೊತ್ತಾ? ನಮ್ ಮಿಕ್ಸಿ ನಮ್ಮಜ್ಜಿ ಎಲೆ ಅಡಿಕೆ ಚೀಲಾನೇ ತಿಂದ್ಬುಡ್ತು! ಬಾಯೆಲ್ಲ ಕೆಂಪು. ಮದ್ವೆ ಊಟ ಮುಗಿಸ್ಕಂಡ್ ಬಂದಂಗಿತ್ತು."

ಇಬ್ಬರೂ ಬಿದ್ದು ಬಿದ್ದು ನಕ್ಕರು. 'ನಮ್ ಮಿಕ್ಸಿ' ಅಂದದ್ದು ಮೇಘಶ್ರೀಗೆ ಸ್ವಲ್ಪ ಚುಚ್ಚಿತು. ಪಾಪ, ವಾರದ ಮಟ್ಟಿಗೆ ತಾನೇ, ಅಂದುಕೊಳ್ಳಲಿ ಎಂದು ಮನಸ್ಸಿನಲ್ಲೇ ಕ್ಷಮಿಸಿದಳು.

ಮಿಕ್ಸಿ ಹೋದದ್ದು ಭಾನುವಾರ. ಮತ್ತೊಂದು ಭಾನುವಾರ ಬಂತು. ಅಮ್ಮ ವಾರದ ಬಟ್ಟೆಯನ್ನೆಲ್ಲ ಒಗೆಯಲು ಕೂತಿದ್ದಳು. ಆ ಬಟ್ಟೆಯ ರಾಶಿಯ ಹಿಂದೆ ಅವಳು ಕಾಣುತ್ತಲೇ ಇರಲಿಲ್ಲ. ಅಜ್ಜಿ ಹೊಲದಲ್ಲಿದ್ದಳು. ಮೇಘಶ್ರೀ ಗೂಟದ ಸುತ್ತ ಗುಡಿಸಿ, ಆಲೂಗಡ್ಡೆ ಸಿಪ್ಪೆ ರೆಡಿ ಮಾಡಿಟ್ಟು, ಹಗ್ಗ ಹಿಡಿದು ನಾಲೆಯ ಕಡೆ ಹೊರಟಳು.

ಮುದ್ದಮ್ಮನ ಮನೆಗೆ ಬೀಗ. ಪಕ್ಕದ ಹೊಂಗೆ ಮರದ ಕೆಳಗೆ ತೆಂಗಿನ ಗರಿ ಹೊದಿಸಿದ ಹೊಸ ಕೊಟ್ಟಿಗೆ. ಸೂರಿನಿಂದ ತೂಗುಬಿಟ್ಟ ಅಗಸೆ ಸೊಪ್ಪಿನ ಕಟ್ಟು. ಅದಕ್ಕೆ ಬಾಯಿ ಹಾಕಿಕೊಂಡು ಮಿಕ್ಸಿ ನಿಂತಿತ್ತು.

"ಮಿಕ್ಸೀ! ಬಾ, ಟೈಮಾಯ್ತು."

ಮಿಕ್ಸಿ ಬರಲಿಲ್ಲ. ಬಾಯಲ್ಲಿ ಸೊಪ್ಪಿತ್ತು. ಮೇಘಶ್ರೀ ಕುತ್ತಿಗೆಗೆ ತನ್ನ ಹಗ್ಗ ಬಿಗಿದು ಎಳೆದಳು. ಮಿಕ್ಸಿ ನಾಲ್ಕೂ ಕಾಲು ನೆಲಕ್ಕೆ ನೆಟ್ಟಿತು. ಎಳೆದ ಎಳೆತಕ್ಕೆ ಭೂಮಿಯೇ ಒಂದು ಗೇಣು ಪೂರ್ವಕ್ಕೆ ಸರಿಯಿತು. ಕೊನೆಗೆ ಅಂತೂ ಇಂತೂ ಮನೆಗೆ ತಂದು ಹಿತ್ತಲಿನ ಗೂಟಕ್ಕೆ ಕಟ್ಟಿದಳು.

ಸ್ವಲ್ಪ ಹೊತ್ತಿಗೆಲ್ಲ ನಾಲೆಯ ಕಡೆಯಿಂದ ಒಂದು ಕೂಗು ಬಂತು.

"ಅಯ್ಯಯ್ಯೋ! ಆಡ್ ಕದ್ದವ್ರೇ ಕಣ್ರಪ್ಪೋ!"

ಅದು ಹುಲ್ಲು ಕೊಯ್ದು ಮನೆಗೆ ಬಂದ ಮುದ್ದಮ್ಮನ ಕೂಗು. ಆ ಕೂಗಿಗೆ ಗೊರೂರು ಡ್ಯಾಮಿನ ಮೀನುಗಳೆಲ್ಲ ತಲೆ ಎತ್ತಿ ನೋಡಿದವು. ಊರಿಗೆ ಊರೇ ಎದ್ದಿತು. ಡೈರಿ ಶಾಂತರಾಜು ಬೈಕ್ ಏರಿ ಹೋಗಿ, ರೋಡಿನಲ್ಲಿ ಹೋಗುತ್ತಿದ್ದ ಲಗೇಜ್ ಆಟೋ ಒಂದನ್ನು ಅಡ್ಡಹಾಕಿದ. ಟಾರ್ಪಾಲು ಎತ್ತಿದರೆ ಬರೀ ಎಲೆಕೋಸು. "ಆಡ್ ಎಲ್ಲಿ ಬಚ್ಚಿಟ್ಟಿದ್ದೀಯ ಹೇಳ್ಲಾ!" ಎಂದು ಒಂದೊಂದೇ ಎಲೆಕೋಸನ್ನು ತಟ್ಟಿ ನೋಡಿದ. ಒಂದೂ ಮ್ಯಾ ಅನ್ನಲಿಲ್ಲ.

ಇತ್ತ ಮೇಘಶ್ರೀಯ ಮನೆಗೆ ಶೋಭಿತಾ ಓಡಿಬಂದಳು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಅತ್ತು ಅತ್ತು ಮುಖ ಊದಿತ್ತು.

"ಮೇಘಾ, ಮಿಕ್ಸಿ ಇಲ್ಲ ಕಣೇ! ಹುಲ್ಲು ತರಾಕೆ ಓಗಿದ್ವಿ, ಅಷ್ಟರಲ್ಲಿ ಯಾರೋ ಬಿಚ್ಕಂಡ್ ಓಗವ್ರೆ. ನಿಮ್ಮಜ್ಜಿಗೆ ಏನ್ ಹೇಳ್ಲಿ? ನೀನು ಅಷ್ಟೆಲ್ಲ ಹೇಳಿ ಕೊಟ್ಟಿದ್ದೆ..."

"ಮ್ಯಾ!" ಎಂದಿತು ಹಿತ್ತಲು.

ಶೋಭಿತಾ ಓಡಿದಳು. ಮಿಕ್ಸಿಯನ್ನು ತಬ್ಬಿಕೊಂಡಳು. ಮಿಕ್ಸಿ ಸಿಪ್ಪೆ ಬಿಟ್ಟು ಅವಳ ಕೈ ನೆಕ್ಕತೊಡಗಿತು.

"ಯಾರೂ ಕದ್ದಿಲ್ಲ ಕಣೇ," ಎಂದಳು ಮೇಘಶ್ರೀ. "ವಾರ ಆಯ್ತಲ್ಲ, ಅದಕ್ಕೆ ನಾನೇ ಎಳ್ಕಂಡ್ ಬಂದೆ."

ಶೋಭಿತಾ ತಲೆಯೆತ್ತಿ ನೋಡಿದಳು. ಅವಳಿಗೆ ಏನೂ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಮುದ್ದಮ್ಮ ಏದುಸಿರು ಬಿಡುತ್ತಾ ಬಂದಳು. ಸುದ್ದಿ ಕೇಳಿ ಹೊಲದಿಂದ ಅಜ್ಜಿಯೂ ಬಂದಳು. ಒಪ್ಪದ ಮಂಡಿಯನ್ನು ಬೈದುಕೊಂಡೇ ಬಂದಳು. ಗೂಟದಲ್ಲಿ ಮಿಕ್ಸಿಯನ್ನು ಕಂಡು ಮುದ್ದಮ್ಮ ಅಲ್ಲೇ ನಿಂತುಬಿಟ್ಟಳು. ಊರು ಎಬ್ಬಿಸಿದ ದನಿ ಈಗ ಪಿಸುಮಾತಿನಷ್ಟಾಗಿತ್ತು.

"ಸರ್ಯಾಗ್ ನೋಡ್ಕಳ್ನಿಲ್ಲ ಅಂತ ವಾಪಸ್ ತರಿಸ್ಕಂಡ್ಯಾ ಸುಬ್ಬಕ್ಕ? ಒಂದ್ ಮಾತು ಹೇಳಿದ್ರೆ ನಾನೇ ತಂದು ಕಟ್ತಿದ್ನಲ್ಲ."

"ನಾನ್ಯಾಕವ್ವ ತರಿಸ್ಲಿ!" ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. "ಏನ್ ಮಾಡ್ದೆ ನೀನು?"

"ನೀನೇ ಹೇಳ್ದಲ್ಲ ಅಜ್ಜಿ, ವಾರಕ್ಕೆ ಅಂತ! ಓದ್ ಭಾನುವಾರ ಓಯ್ತು. ಇವತ್ತು ಭಾನುವಾರ. ವಾರ ಆಯ್ತು!"

ಅಜ್ಜಿ ಮುದ್ದಮ್ಮನನ್ನು ನೋಡಿದಳು. ಮುದ್ದಮ್ಮ ಅಜ್ಜಿಯನ್ನು ನೋಡಿದಳು. ಆಮೇಲೆ ಇಬ್ಬರೂ ನಕ್ಕರು ನೋಡಿ, ಅಮ್ಮ ಬಟ್ಟೆಯ ರಾಶಿ ಬಿಟ್ಟು ಸೋಪಿನ ಕೈಯಲ್ಲೇ ಓಡಿಬಂದಳು. ಅಜ್ಜಿ ನಗುತ್ತಾ ಕೂತವಳು ಮಂಡಿ ನೋವನ್ನೂ ಮರೆತಿದ್ದಳು.

"ಆ ವಾರ ಅಲ್ಲ ಕಣ್ ಕೂಸೇ! ಸೋಮವಾರ ಮಂಗಳವಾರದ್ ವಾರ ಅಲ್ಲ. ವಾರಕ್ಕೆ ಅಂದ್ರೆ ಪಾಲಿಗೆ ಅಂತ. ಆಡು ನಮ್ದು, ಸಾಕೋದು ಅವ್ರು. ಮರಿ ಆಕಿದ್ರೆ ಅವ್ರಿಗೊಂದು, ನಮಗೊಂದು."

ಮೇಘಶ್ರೀಗೆ ನಗು ಬರಲಿಲ್ಲ. "ಒಂದೇ ಮರಿ ಹಾಕಿದ್ರೆ?"

"ಮೊದಲ್ನೇದು ಸಾಕ್ದೋರಿಗೆ. ನಮ್ಮ ನಮ್ಮಲ್ಲಿ ಅಂಗೇ ಮಾತಾಗದೆ."

"ಮಿಕ್ಸಿ ಯಾವಾಗ ಬರೋದು ಹಂಗಾದ್ರೆ?"

ಅಜ್ಜಿಯ ನಗು ನಿಂತಿತು. "ಇನ್ಮೇಲೆ ಅದು ಇರೋದು ಅಲ್ಲೇ ಕಣ್ ಮಗ."

ಮುದ್ದಮ್ಮ ಮೇಘಶ್ರೀಯ ಮುಖ ನೋಡಿದಳು. ಸೆರಗಿನಿಂದ ಬೆವರು ಒರೆಸಿಕೊಂಡು ಹೇಳಿದಳು: "ಬ್ಯಾಡ ಬುಡು ಸುಬ್ಬಕ್ಕ. ಮಗ ಇಷ್ಟ್ ಆಸೆ ಮಡೀಕಂಡದೆ. ಇಲ್ಲೇ ಇರ್ಲಿ. ನಾವು ಬ್ಯಾರೆ ಎಲ್ಲಾದ್ರೂ ಒಂದ್ ಆಡು ನೋಡ್ಕತೀವಿ. ಬಾ ಶೋಭಿ, ಓಗವ."

ಶೋಭಿತಾ ಎದ್ದಳು. ಹೋಗುವ ಮೊದಲು ಬಗ್ಗಿ, ಮಿಕ್ಸಿಯ ಹಿಂಗಾಲಿಗೆ ಸುತ್ತಿದ್ದ ಬಟ್ಟೆಯನ್ನು ಸರಿಮಾಡಿ ಗಂಟು ಹಾಕಿದಳು.

ಮೇಘಶ್ರೀ ಆಗ ನೋಡಿದಳು. ಅದು ಬಟ್ಟೆಯಲ್ಲ, ಕೆಂಪು ಟೇಪು. ಸ್ಕೂಲಿಗೆ ಜಡೆ ಕಟ್ಟುವ ಟೇಪು. ಶೋಭಿತಾಳ ಒಂದು ಜಡೆಯಲ್ಲಿ ಅದೇ ಕೆಂಪು ಟೇಪು, ಇನ್ನೊಂದು ಜಡೆಯಲ್ಲಿ ಗೋಣಿ ದಾರ.

"ಕಾಲಿಗೆ ಏನಾಗಿತ್ತೇ?"

"ಜಾಲಿ ಮುಳ್ಳು. ಶುಕ್ರವಾರ ಚುಚ್ತು. ಅಜ್ಜಿ ತೆಗೀತು, ನಾನು ಅರಿಶಿನ ಹಚ್ದೆ. ಈಗ ವಾಸಿ, ಆದ್ರೆ ಜೋರಾಗಿ ನಡೆದ್ರೆ ಕುಂಟುತ್ತೆ. ನಿಧಾನ ನಡೆಸ್ಬೇಕು ಕಣೇ."

ಮೇಘಶ್ರೀ ನಾಲೆಯಿಂದ ಅಷ್ಟು ದೂರ ಮಿಕ್ಸಿಯನ್ನು ಎಳೆದುಕೊಂಡು ಬಂದಿದ್ದಳು. ಕಾಲು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

ಅವಳು ಗೂಟದ ಹತ್ತಿರ ಹೋಗಿ ಕೂತಳು. ಹಗ್ಗದ ಗಂಟು ಬಿಚ್ಚಲು ಯಾಕೋ ಬಹಳ ಹೊತ್ತು ಹಿಡಿಯಿತು.

"ಬಾರೇ ಶೋಭಿ," ಎಂದಳು ತಲೆ ಎತ್ತದೆ. "ಬಿಟ್ ಬರೋಣ. ನಿಧಾನ ನಡೆಸ್ಕಂಡ್ ಓಗೋಣ."

ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಅಮ್ಮ ಸೋಪಿನ ಕೈಯಿಂದ ಅವಳ ತೋಳು ಹಿಡಿದು ಸುಮ್ಮನಿರಿಸಿದಳು.

ಮುದ್ದಮ್ಮ ಅಜ್ಜಿಯ ಜೊತೆಯಲ್ಲೇ ಉಳಿದಳು; ಹುಡುಗಿಯರಿಬ್ಬರೂ ಮಿಕ್ಸಿಯೂ ನಾಲೆಯ ಏರಿಯ ಮೇಲೆ ಹೊರಟರು. ಮಿಕ್ಸಿ ದಾರಿಯ ಪ್ರತಿ ಗಿಡವನ್ನೂ ವಿಚಾರಿಸಿಕೊಂಡು ನಡೆಯಿತು. ಒಬ್ಬರೂ ಹಗ್ಗ ಎಳೆಯಲಿಲ್ಲ. ಬೈಕಿನಲ್ಲಿ ಎದುರಾದ ಶಾಂತರಾಜು, "ಸಿಕ್ತಾ? ಯಾರವ್ವ ಕಳ್ಳ?" ಎಂದು ಕೂಗಿದ. "ನಾನೇ ಅಣ್ಣ!" ಎಂದಳು ಮೇಘಶ್ರೀ. ಅವನು ತಮಾಷೆ ಎಂದುಕೊಂಡು ಹೊರಟುಹೋದ.

ಹೊಂಗೆ ಮರದ ಕೆಳಗೆ ಮಿಕ್ಸಿಯನ್ನು ಕಟ್ಟಿದರು. ಮೇಘಶ್ರೀ ಅದರ ಬಿಳಿ ಕಿವಿಯ ಹಿಂದೆ ತುರಿಸಿದಳು. "ಇಲ್ಲಿ ತುರಿಸಿದ್ರೆ ಕಣ್ಣು ಮುಚ್ಕೊಳುತ್ತೆ, ನೋಡು," ಎಂದು ಶೋಭಿತಾಳ ಬೆರಳು ಹಿಡಿದು ಜಾಗ ತೋರಿಸಿದಳು. ಅದನ್ನು ಅವಳು ಇಲ್ಲಿಯವರೆಗೆ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಶೋಭಿತಾ ತುರಿಸಿದಳು. ಮಿಕ್ಸಿ ಕಣ್ಣು ಮುಚ್ಚಿತು.

"ಓಯ್ತೀನಿ," ಎಂದಳು ಮೇಘಶ್ರೀ.

ಏರಿ ಹತ್ತಿ ಸ್ವಲ್ಪ ದೂರ ನಡೆದಿದ್ದಳೋ ಇಲ್ಲವೋ, ಹಿಂದಿನಿಂದ ಮಿಕ್ಸಿ ಕೂಗಿತು. ಮ್ಯಾ! ಮತ್ತೆ, ಇನ್ನೂ ಜೋರಾಗಿ. ಮೇಘಶ್ರೀ ಗಕ್ಕನೆ ನಿಂತಳು. 'ಬಂದೇ' ಎನ್ನಲು ಅವಳ ಬಾಯಿ ತಾನಾಗಿ ತೆರೆಯಿತು.

"ಬಂದೇ ಕಣೇ, ಬಂದೇ!" ಕೊಟ್ಟಿಗೆಯ ಕಡೆಯಿಂದ ಶೋಭಿತಾಳ ದನಿ ಕೇಳಿಸಿತು.

ಮಿಕ್ಸಿಯ ಕೂಗು ನಿಂತಿತು.

ಮೇಘಶ್ರೀ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಿದ್ದಳು. ನಾಲೆಯ ನೀರಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಅವಳು ತೆರೆದ ಬಾಯಿ ಮುಚ್ಚಿಕೊಂಡು, ಮನೆಯ ಕಡೆ ನಡೆದಳು.