ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿ!

ದಡಾರ್!

ತಲೆಯ ಮೇಲೆ ಟ್ಯಾಂಕಿನ ಕಬ್ಬಿಣದ ಮುಚ್ಚಳ ಬಿತ್ತು. ಕಣ್ಣು ಬಿಟ್ಟರೂ ಕತ್ತಲೆ, ಮುಚ್ಚಿದರೂ ಕತ್ತಲೆ. ಕತ್ತಿನವರೆಗೆ ನೀರು. ಅದೂ ಎಂಥ ನೀರು ಅಂತೀರಿ... ಇಡೀ ಕಟ್ಟಡದ ಬಚ್ಚಲು, ಕಕ್ಕಸುಗಳಿಂದ ಇಳಿದು ಬಂದು, ಮೆಷಿನ್ನಿನಲ್ಲಿ ಸೋಸಿಕೊಂಡು, ಮತ್ತೆ ಕಮೋಡಿಗೇ ಹೊರಟು ನಿಂತಿದ್ದ ನೀರು!

"ಮೇಡಂ... ಆರಾಮಾಗಿದ್ದೀರಾ?" ಮೇಲಿನಿಂದ ಗೇಟ್‌ವಾಲ್ ಕೇಳಿದ.

ಗೇಟ್‌ವಾಲ್ ಅಂದರೆ ಇಲ್ಲಿನ ನೀರಿನ ಕಂಟ್ರಾಕ್ಟರನ ಬಲಗೈ. ಒಮ್ಮೆ ಕೂತನೆಂದರೆ, ತುಕ್ಕು ಹಿಡಿದ ಪೈಪಿನ ವಾಲ್ವಿನ ಹಾಗೆ, ಅಲುಗಾಡಿಸುವುದು ಕಷ್ಟ. ಅದಕ್ಕೇ ಆ ಹೆಸರು.

"ಮುಚ್ಚಳ ತೆಗಿಯೋ, ಕತ್ತೆ!"

"ಮೀಟಿಂಗ್ ಮುಗೀಲಿ ಮೇಡಂ. ಬಾಸ್ ಆರ್ಡರ್. ಅಲ್ಲೀತನಕ ಈಜಾಡ್ತಿರಿ."

ಮುಚ್ಚಳದ ಮೇಲೆ ಧೊಪ್ಪನೆ ಕೂತ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಕುಡಿಯುವ ನೀರು, ಮರುಬಳಕೆಯ ನೀರು... ಎರಡರಿಂದಲೂ ಯಾರಿಗೆ ಎಷ್ಟು ಅಪಾಯ ಅಂತ ಅಳೆಯುವುದು ನನ್ನ ಕೆಲಸ. ಯಾರೂ ಪ್ರೀತಿಯಿಂದ ಕರೆಯುವುದಿಲ್ಲ. ಇಲ್ಲಿಗಂತೂ ಕರೆಯದೇ ಬಂದಿದ್ದೆ.

ಅಕ್ಕನಿಗೋಸ್ಕರ.

ಅಕ್ಕ ಇದೇ ಕಟ್ಟಡದ ಒಂಬತ್ತನೇ ಮಹಡಿಯಲ್ಲಿರುವವಳು. ಹೋದ ವರ್ಷ ಬೇರೆ ಕಿಡ್ನಿ ಹಾಕಿದರು. ಅದು ಉಳಿಯಲಿ ಅಂತ ಕೊಡುವ ಮಾತ್ರೆ ಮೈಯೊಳಗಿನ ಕಾವಲನ್ನೆಲ್ಲ ಮಲಗಿಸಿಬಿಡುತ್ತದೆ. ಕೆಟ್ಟ ನೀರು ಒಂದು ಲೋಟ ನಾನು ಕುಡಿದರೆ ಒಂದು ದಿನದ ಹೊಟ್ಟೆನೋವು. ಅವಳು ಕುಡಿದರೆ ಆಸ್ಪತ್ರೆ. ಆಗಲೇ ಎರಡು ಸಲ ಆಗಿತ್ತು. ಇನ್ನೊಂದು ಸಲ ಆದರೆ ಕಿಡ್ನಿ ಕೈಕೊಡುತ್ತದೆ ಅಂತ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಎರಡನೇ ಸಲ ಸೇರಿದವಳಿಗೆ ಇವತ್ತು ಸಂಜೆ ಡಿಸ್ಚಾರ್ಜ್!

ಭಾವನಿಗೆ ಹೇಳಿದೆ. ಅವರೇ ಈ ಕಟ್ಟಡದ ನಿವಾಸಿಗಳ ಸಂಘಕ್ಕೆ ಸೆಕ್ರೆಟರಿ.

"ಲ್ಯಾಬ್ ರಿಪೋರ್ಟ್ ಎಲ್ಲಾ ಕ್ಲೀನ್ ಇದೆ ಕಣಮ್ಮ. ಮೇಲಾಗಿ ನಾವು ಕಾಯಿಸಿ ಕುಡಿಯೋರು."

"ಹಲ್ಲುಜ್ಜೋ ನೀರು? ಟೊಮೇಟೊ ತೊಳೆಯೋ ನೀರು? ಅದನ್ನೂ ಕಾಯಿಸ್ತೀರಾ ಭಾವ?"

"ನಿನಗೆ ಎಲ್ಲಾದರಲ್ಲೂ ಹುಳುಕೇ ಕಾಣೋದು!"

ಅಕ್ಕನೂ ಗಂಡನ ಪಾರ್ಟಿ. ನನ್ನ ಮನೆಗೆ ಬಾ ಅಂದರೆ, "ನನ್ನ ಮನೆ ಇರುವಾಗ ನಿನ್ನ ಮನೆಗೆ ಯಾಕೇ ಬರ್ಲಿ?" ಅಂದಳು. ಅವಳೆಂದರೆ ನನಗೆ ಪ್ರಾಣ. ಭಾವನ ಕತ್ತು ಹಿಸುಕೋಣ ಅನ್ನಿಸಿತು. ಹಿಸುಕಲಿಲ್ಲ. ಬಣ್ಣದ ಡಬ್ಬಿ ಹಿಡಿದು ಬಂದೆ.

ಹಸಿರು ಬಣ್ಣ. ಕಣ್ಣಿನ ಡಾಕ್ಟರು ಕಣ್ಣಿಗೇ ಹಾಕುವಂಥದ್ದು, ಏನೂ ಆಗುವುದಿಲ್ಲ. ಕಮೋಡಿಗೆ ಹೋಗುವ ಟ್ಯಾಂಕಿಗೆ ಸುರಿಯಬೇಕು. ಅಡುಗೆಮನೆಯ ನಲ್ಲಿಯಲ್ಲಿ ಹಸಿರು ಬಂತೋ... ಯಾರೋ ಪುಣ್ಯಾತ್ಮ ಎರಡೂ ಪೈಪುಗಳನ್ನು ಜೋಡಿಸಿದ್ದಾನೆ ಅಂತ ಅರ್ಥ! ಸುರಿದೆ. ಯಾರೋ ಬರುವ ಸಪ್ಪಳ ಕೇಳಿ ಏಣಿ ಹಿಡಿದು ಟ್ಯಾಂಕಿನೊಳಗೇ ಇಳಿದು ಅಡಗಿದೆ. ಆಗಲೇ ಬಿದ್ದದ್ದು ಮುಚ್ಚಳ.

ಆದರೆ ಇಂಥ ಟ್ಯಾಂಕಿಗೆ ಇನ್ನೊಂದು ಮುಚ್ಚಳ ಇರುತ್ತದೆ, ಗಾಳಿಯಾಡಲಿ ಅಂತ. ಗೇಟ್‌ವಾಲ್‌ನ ಗಮನ ಅತ್ತ ಹೋಗಿರಲಿಲ್ಲ.

ಗೋಡೆ ತಡವುತ್ತ ಹೋದೆ. ಏಣಿ ಸಿಕ್ಕಿತು. ಹತ್ತಿ ಹೆಗಲು ಕೊಟ್ಟು ಒತ್ತಿದೆ.

ಬೆಳಕು!

ಗೇಟ್‌ವಾಲ್ ನನಗೆ ಬೆನ್ನು ಹಾಕಿ ಕೂತು ಫೋನಿನಲ್ಲಿ ಹೇಳುತ್ತಿದ್ದ: "ಒಳಗೇ ಇದ್ದಾಳೆ ಬಾಸ್. ಉಸಿರೇ ಇಲ್ಲ!"

"ಇದೆಯಲ್ಲೋ..." ಅಂದೆ, ಅವನ ಕಿವಿಯ ಹತ್ತಿರ.

ಅವನು ಬೆಚ್ಚಿ ಎದ್ದ. ಫೋನು ಬಿತ್ತು. ನಾನು ಓಡಿದೆ!

ಮೊದಲು ಪಂಪ್ ರೂಮಿಗೆ. ಯಾಕೆ ಅಂದರೆ, ಜೋಡಿಸಿದ ಎರಡು ಪೈಪುಗಳಲ್ಲಿ ಯಾವುದಕ್ಕೆ ಒತ್ತಡ ಜಾಸ್ತಿಯೋ ಅದರ ನೀರು ಇನ್ನೊಂದಕ್ಕೆ ನುಗ್ಗುತ್ತದೆ. ಕುಡಿಯುವ ನೀರಿನ ಪಂಪ್ ಓಡುತ್ತಿದ್ದರೆ ಎಲ್ಲ ಶುದ್ಧ. ನಿಂತರೆ, ಕಮೋಡಿನ ನೀರು ಅಡುಗೆಮನೆಗೆ! ಲ್ಯಾಬಿನವರನ್ನು ಕಂಟ್ರಾಕ್ಟರ್ ಕರೆಸುತ್ತಿದ್ದದ್ದು ಪಂಪ್ ಓಡುವಾಗ ಮಾತ್ರ. ನಾನು ಮೂಗು ತೂರಿಸಿದ ಮೇಲಂತೂ ಅದು ನಿಂತೇ ಇರಲಿಲ್ಲ.

ಆಫ್ ಮಾಡಬೇಕು... ಅಷ್ಟೇ!

ಬಾಗಿಲಲ್ಲಿ ವಾಷರ್ ನಿಂತಿದ್ದ. ಕಂಟ್ರಾಕ್ಟರನ ಎಡಗೈ. ಆಳು ಕುಳ್ಳ, ಕೈಯಲ್ಲಿದ್ದ ಸ್ಪ್ಯಾನರ್ ಉದ್ದ.

"ಬನ್ನಿ ಮೇಡಂ..."

ಹೋಗಲಿಲ್ಲ. ಮೆಟ್ಟಿಲ ಕಡೆ ತಿರುಗಿದೆ. ಹಿಂದೆ ನಾಲ್ಕು ಬೂಟುಗಳ ಸದ್ದು. ನನ್ನ ಷೂಗಳಿಂದ ಪಚಕ್, ಪಚಕ್!

ಮೀಟಿಂಗ್ ಹಾಲಿನ ಬಾಗಿಲು ತಳ್ಳಿ ಒಳನುಗ್ಗಿದೆ.

ಹಾಲು ತುಂಬಿತ್ತು. ವೇದಿಕೆಯ ಮೇಲೆ ಮೈಕ್ ಹಿಡಿದು ನಿಂತಿದ್ದ ಕಂಟ್ರಾಕ್ಟರ್. ಎಲ್ಲರೂ ಅವನನ್ನು ಸ್ಫಟಿಕ ಅನ್ನುತ್ತಾರೆ. ಯಾವ ನೀರು ತೋರಿಸಿದರೂ ಅವನ ಬಾಯಲ್ಲಿ ಬರುವುದು ಅದೊಂದೇ ಮಾತು. ಪಕ್ಕದಲ್ಲಿ ಭಾವ. ಇನ್ನೂ ಐದು ವರ್ಷ ಕೆಲಸ ಅವನಿಗೇ ಅಂತ ಘೋಷಿಸಲು ಎದ್ದಿದ್ದರು.

ಎಲ್ಲರ ಕಣ್ಣೂ ನನ್ನ ಮೇಲೆ. ಕತ್ತಿನಿಂದ ಕೆಳಗೆ ಹಸಿರೋ ಹಸಿರು!

"ಏನಮ್ಮ ಇದು ಅವತಾರ?" ಭಾವ ಹಣೆ ಚಚ್ಚಿಕೊಂಡರು.

"ಈ ಬಣ್ಣ ಕಮೋಡಿನ ಟ್ಯಾಂಕಲ್ಲಿದೆ ಭಾವ. ಕುಡಿಯೋ ನಲ್ಲೀಲಿ ಬಂದ್ರೆ ಪೈಪು ಜೋಡಿಸಿದ್ದಾನೆ ಅಂತ್ಲೇ ಲೆಕ್ಕ!"

ಸ್ಫಟಿಕ ನಕ್ಕ. "ಬರಲ್ಲ ಮೇಡಂ. ನೋಡಿ..."

ವೇದಿಕೆಯ ಪಕ್ಕದ ನಲ್ಲಿ ತಿರುಗಿಸಿದ. ಗಾಜಿನ ಲೋಟ ತುಂಬಿಸಿ ಎತ್ತಿ ಹಿಡಿದ. "ಸ್ಫಟಿಕ ಸಾರ್... ಸ್ಫಟಿಕ!" ಗಟಗಟ ಕುಡಿದ.

ಚಪ್ಪಾಳೆ!

ಗೇಟ್‌ವಾಲ್, ವಾಷರ್ ಬಂದು ನನ್ನ ಒಂದೊಂದು ತೋಳು ಹಿಡಿದರು.

"ಮನೆಗೆ ಹೋಗಿ ಸ್ನಾನ ಮಾಡು," ಅಂದರು ಭಾವ. "ಸಂಜೆ ನಿಮ್ಮಕ್ಕ ಬರ್ತಾಳೆ. ಅವಳ ಮುಂದೆ ಹೀಗೆ ನಿಲ್ಲಬೇಡ."

ಅಕ್ಕ ಬರುತ್ತಾಳೆ... ಕೈಕಾಲು ತೊಳೆಯುತ್ತಾಳೆ... ಬಾಯಿ ಮುಕ್ಕಳಿಸುತ್ತಾಳೆ. ಅಷ್ಟು ಸಾಕು.

ಪಂಪ್ ನಿಲ್ಲಿಸುವ ಹಾಗಿಲ್ಲ. ಆದರೆ ಪಂಪ್ ಒಂದೇ. ಅಡುಗೆಮನೆಗಳು ನೂರಾರು! ಎಲ್ಲ ನಲ್ಲಿಗಳೂ ಒಟ್ಟಿಗೆ ತೆರೆದರೆ, ಪಂಪ್ ಓಡುತ್ತಿದ್ದರೂ ಒತ್ತಡ ಬಿದ್ದೇ ಬೀಳುತ್ತದೆ.

"ಒಂದು ನಲ್ಲಿ ಯಾರು ಬೇಕಾದ್ರೂ ತೋರಿಸ್ತಾರೆ," ಅಂತ ಕೂಗಿದೆ. "ತಾಕತ್ತಿದ್ರೆ ಎಲ್ಲರ ಮನೇದೂ ತೋರಿಸಪ್ಪಾ!"

ಜನ ಗುಸುಗುಸು ಅಂದರು. ಮೈಕ್ ಕೈಯಲ್ಲಿರುವವನು ಹಿಂದೆ ಸರಿಯುವುದುಂಟೇ?

"ಅದಕ್ಕೇನಂತೆ!" ಸ್ಫಟಿಕ ಎದೆಯುಬ್ಬಿಸಿದ. "ಮನೆಗೆ ವಿಡಿಯೋ ಕಾಲ್ ಮಾಡಿ! ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿ!"

ವಾಷರ್‌ನ ಹಿಡಿತ ಸಡಿಲವಾಯಿತು. ಅವನಿಗೆ ಹೊಳೆದಿತ್ತು.

"ಬಾಸ್... ಬೇಡ ಬಾಸ್..."

"ನೀನು ಸುಮ್ನಿರೋ!"

ಪಕ್ಕದ ನಲ್ಲಿ ಸುರಿಯುತ್ತಲೇ ಇತ್ತು. ಸ್ಫಟಿಕ ಜನರತ್ತ ಹಲ್ಲು ಕಿರಿಯುತ್ತ ಇನ್ನೊಂದು ಲೋಟ ಹಿಡಿದ. ಧಾರೆ ಸಣ್ಣದಾಯಿತು. ಪುಸ್... ಪುಸ್ ಅಂತ ಕೆಮ್ಮಿತು. ಮತ್ತೆ ಸುರಿಯಿತು. ಅವನು ಲೋಟದ ಕಡೆ ನೋಡಲೇ ಇಲ್ಲ. ಎತ್ತಿ ಕುಡಿದ.

ಮುಂದಿನ ಸಾಲಿನ ಅಜ್ಜಿಯೊಬ್ಬರು ಫೋನು ಹಿಡಿದು ಎದ್ದು ನಿಂತರು.

"ಅಯ್ಯೋ... ನಮ್ಮನೆ ನಲ್ಲೀಲಿ ಈ ಹುಡುಗಿ ಬಣ್ಣ ಬರ್ತಿದೆ!"

"ನಮ್ಮಲ್ಲೂ!"

"ಇಲ್ಲೂ!"

ಸ್ಫಟಿಕ ಲೋಟ ಇಳಿಸಿದ. ಮೀಸೆ ಹಸಿರು!

ಭಾವ ಮೆಲ್ಲಗೆ ಅವನ ಹತ್ತಿರ ಹೋದರು. "ಜೋಡಿಸಿದ್ದೀಯಾ?"

"ಮೇಲಿನ ಮಹಡಿಗೆ ನೀರು ಏರ್ತಿರಲಿಲ್ಲ ಸಾರ್... ಎಲ್ಲರೂ ಬೈತಿದ್ರಿ... ಚಿಕ್ಕ ಪೈಪು ಸಾರ್, ಇಷ್ಟೇ ಇಷ್ಟು!"

"ನನ್ನ ಹೆಂಡ್ತಿ ಆ ನೀರಲ್ಲಿ ಬಾಯಿ ತೊಳೆದಿದ್ದಾಳೆ ಕಣೋ!"

ಭಾವನ ಮೇಲಿದ್ದ ನನ್ನ ಅರ್ಧ ಸಿಟ್ಟು ಇಳಿಯಿತು. ಅರ್ಧ ಮಾತ್ರ.

ಗೇಟ್‌ವಾಲ್ ಯಾರೂ ಹೇಳದೆಯೇ ಓಡಿ ಎರಡೂ ಮೇನ್ ವಾಲ್ ಬಂದ್ ಮಾಡಿದ. ಭಾವ ಅಕ್ಕನಿಗೆ ಫೋನ್ ಮಾಡಿ ತಪ್ಪಾಯಿತು ಅಂದರು. ಪೈಪು ಕಿತ್ತು, ಲೈನೆಲ್ಲ ತೊಳೆದು, ನೀರು ಸರಿಯಾಗಿದೆ ಅಂತ ನಾನು ಹೇಳುವವರೆಗೆ ಆ ಮನೆ ಬೇಡ ಅಂದರು. ಆಮೇಲೆ ನನ್ನ ಕಡೆ ನೋಡಿದರು.

"ನಿನ್ನ ಮನೇಲಿ... ಜಾಗ ಇದೆಯಾ?"

"ಅಕ್ಕನಿಗೆ ಮಂಚ. ನಿಮಗೆ ನೆಲ."

ತಲೆಯಾಡಿಸಿದರು ಪಾಪ.

ಹೊರಡುವಾಗ ಯಾರೋ ತೋಳು ಜಗ್ಗಿದರು. ಸ್ಫಟಿಕ! ಮುಖ ಬಿಳಿಚಿಕೊಂಡಿತ್ತು.

"ಮೇಡಂ... ನಾನು ಕುಡಿದುಬಿಟ್ಟೆ... ಏನಾಗುತ್ತೆ?"

"ಬಣ್ಣದಿಂದ ಏನೂ ಆಗಲ್ಲ. ಹೆದರಬೇಡ."

"ಮತ್ತೆ... ನೀರಿಂದ?"

ಅವನ ಹೊಟ್ಟೆಯನ್ನೊಮ್ಮೆ ನೋಡಿದೆ. ಬಾಗಿಲನ್ನೊಮ್ಮೆ ನೋಡಿದೆ.

"ಗುಡುಗುಡು ಅಂದ್ರೆ ಆಸ್ಪತ್ರೆಗೆ ಹೋಗಪ್ಪಾ. ಇವತ್ತು ಸಂಜೆ ಒಂದು ಬೆಡ್ ಖಾಲಿ ಆಗ್ತಿದೆ... ನಮ್ಮಕ್ಕನದು!"